ಬಿದ್ದರೂ ಉರುಳದ ಮೂರು ಚೆಂಡುಗಳು: ಎರಡೂವರೆ ವರ್ಷ ಬಳಸಿದ ಮೇಲೆ

ಕೆಲಸದಿಂದ ನಿವೃತ್ತಿಯಾದ ವಾರದಲ್ಲಿ ನಾನು ನನಗಾಗಿ ಕೊಂಡದ್ದು ಒಂದೇ ವಸ್ತು: ಜಗ್ಲಿಂಗ್, ಅಂದರೆ ಹಲವು ಚೆಂಡುಗಳನ್ನು ಒಂದಾದ ಮೇಲೊಂದು ಎಸೆದು ಹಿಡಿಯುವ ಆಟ, ಕಲಿಯುವವರಿಗೆಂದು ತಯಾರಿಸಿದ, ಒಳಗೆ ಕಿರುಧಾನ್ಯ ತುಂಬಿದ ಮೂರು ಚೆಂಡುಗಳ ಸೆಟ್ಟು. ಎರಡೂವರೆ ವರ್ಷ ಹೆಚ್ಚುಕಡಿಮೆ ಪ್ರತಿದಿನ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕೊಂಡ ವಾರದಲ್ಲೇ ಬರೆದಿದ್ದರೆ ಬಣ್ಣ ಚೆನ್ನಾಗಿದೆ, ಹೊಲಿಗೆ ಗಟ್ಟಿಯಾಗಿದೆ ಎಂದು ಬರೆದು ಮುಗಿಸುತ್ತಿದ್ದೆ. ಅವೆರಡರಲ್ಲಿ ಹೊಲಿಗೆಯ ಮಾತು ಆಮೇಲೆ ಸುಳ್ಳಾಯಿತು. ಈ ಅವಧಿಯಲ್ಲಿ ನಾನು ಉದ್ಯೋಗದಿಂದ ಹೊರಬಂದೆ, ಹಾಸಿಗೆ ಹಿಡಿದ ತಾಯಿಯ ಆರೈಕೆಗೆ ನಿಂತೆ, ಕೊನೆಗೆ ಅವರನ್ನು ಕಳೆದುಕೊಂಡೆ. ಈ ತಿರುವುಗಳಲ್ಲೆಲ್ಲ ನಾನು ನಾನಾಗಿಯೇ ಉಳಿದಿದ್ದರೆ ಅದರಲ್ಲಿ ಈ ಚೆಂಡುಗಳ ಪಾಲು ಸಣ್ಣದಲ್ಲ. ಆದ್ದರಿಂದ ವಸ್ತುವಿನ ಗುಣದೋಷಗಳ ಜೊತೆಯಲ್ಲೇ ಆ ಸಂಗತಿಯನ್ನೂ ಹೇಳಬೇಕಾಗಿದೆ.

ಚೆಂಡಿನ ವ್ಯಾಸ 6.5 ಸೆಂಟಿಮೀಟರ್. ತೂಕ 120 ಗ್ರಾಂ ಎಂದು ಪೊಟ್ಟಣದ ಮೇಲೆ ಮುದ್ರಿಸಿದ್ದಾರೆ. ನಾನು ತೂಗಿದಾಗ 117, 119 ಮತ್ತು 122 ಗ್ರಾಂ ಬಂದವು, ಇಷ್ಟು ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಟೆನಿಸ್ ಚೆಂಡು ಗಾತ್ರದಲ್ಲಿ ಹೆಚ್ಚುಕಡಿಮೆ ಇಷ್ಟೇ ಇದ್ದರೂ ತೂಕದಲ್ಲಿ ಇದರ ಅರ್ಧದಷ್ಟು ಮಾತ್ರ, ಸುಮಾರು 58 ಗ್ರಾಂ. ಹಗುರವಾದ ಚೆಂಡು ಅಂಗೈಗೆ ಬಂದು ತಾಕಿದ್ದು ಸರಿಯಾಗಿ ಅರಿವಾಗುವ ಮೊದಲೇ ಪುಟಿದು ಹೊರಗೆ ಹೋಗುತ್ತದೆ. ಧಾನ್ಯ ತುಂಬಿದ ಚೆಂಡು ಅಂಗೈಯ ಆಕಾರಕ್ಕೆ ಒಗ್ಗಿಕೊಂಡು ಕೂರುತ್ತದೆ. ಮೇಲ್ಹೊದಿಕೆ ನುಣುಪಾದ ಕೃತಕ ಚರ್ಮದ್ದು, ಆರು ತುಂಡುಗಳನ್ನು ಸೇರಿಸಿ ಹೊಲಿದದ್ದು. ಬಣ್ಣಗಳು ಕೆಂಪು, ಹಳದಿ ಮತ್ತು ಗಾಢ ನೀಲಿ. ಗಾಢ ನೀಲಿಯ ಆಯ್ಕೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಂಜೆಯ ಮಂದ ಬೆಳಕಿನಲ್ಲಿ ಆ ಚೆಂಡು ಮೇಲಿನಿಂದ ಇಳಿಯುವಾಗ ಅರೆಕ್ಷಣ ಕಣ್ಣಿಗೆ ಸಿಗುವುದೇ ಇಲ್ಲ.

ಈ ಸೆಟ್ಟನ್ನು ನಾನು ಮೆಚ್ಚಿಕೊಳ್ಳಲು ಮುಖ್ಯ ಕಾರಣ ಅದು ಬೀಳುವ ರೀತಿ. ಜಗ್ಲಿಂಗ್ ಕಲಿಯುವುದೆಂದರೆ ಬೀಳಿಸುತ್ತ ಕಲಿಯುವುದು. ಮೊದಲ ದಿನ ಇಪ್ಪತ್ತು ನಿಮಿಷಗಳಲ್ಲಿ ಚೆಂಡುಗಳು 140 ಸಲ ಬಿದ್ದವು, ಎಣಿಸಿದ್ದೇನೆ. ರಬ್ಬರ್ ಚೆಂಡಾಗಿದ್ದರೆ ಅಷ್ಟೂ ಸಲ ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿಕೊಂಡು ಹೋಗಬೇಕಾಗಿತ್ತು. ಇವು ಹಾಗಲ್ಲ. ನೆಲಕ್ಕೆ ಬಿದ್ದಾಗ 'ಧಪ್' ಎಂಬ ಮೆದು ಸದ್ದು ಮಾಡಿ, ಬಿದ್ದಲ್ಲಿಯೇ ಸ್ವಲ್ಪ ಚಪ್ಪಟೆಯಾಗಿ ಕೂತುಬಿಡುತ್ತವೆ, ಕೈ ಚಾಚಿದರೆ ಸಿಗುತ್ತವೆ. ಬೀಳುವುದಕ್ಕೆ ಕೊಡಬೇಕಾದ ದಂಡ ಇಷ್ಟು ಕಡಿಮೆಯಾದಾಗ ಬೀಳುವ ಭಯವೂ ಕಡಿಮೆಯಾಗುತ್ತದೆ. ಈ ವಸ್ತುವನ್ನು ವಿನ್ಯಾಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಎಂದು ನಾನು ನಂಬಿದ್ದೇನೆ, ಅದಕ್ಕಾಗಿ ಅವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ನಾನು 31 ವರ್ಷ ಲೆಕ್ಕ ತಪಾಸಣೆಯ ಕೆಲಸ ಮಾಡಿದೆ. ಆ ಕೆಲಸದಲ್ಲಿ ತಪ್ಪಿಗೆ ಅವಕಾಶವಿಲ್ಲ, ಇರಲೂ ಬಾರದು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಮೇಲಕ್ಕೆ ಎಸೆದು ಹಿಡಿಯುತ್ತಿದ್ದ ನಾನು ಕಚೇರಿಯ ಕುರ್ಚಿಯಲ್ಲಿ ಕೂತ ಮೇಲೆ ಆ ಅಭ್ಯಾಸವನ್ನು ಮೇಜಿನ ಖಾನೆಯೊಳಗೆ ಇಟ್ಟುಬಿಟ್ಟೆ. ಎಲ್ಲರೂ ಹೊರಟುಹೋದ ಸಂಜೆಗಳಲ್ಲಿ ಮಾತ್ರ ಒಂದು ರಬ್ಬರು ತುಂಡನ್ನು ನಾಲ್ಕಾರು ಸಲ ಎಸೆದು ಹಿಡಿದು ಮತ್ತೆ ಒಳಗಿಡುತ್ತಿದ್ದೆ. ನಿವೃತ್ತಿಯ ದಿನ ಖಾನೆ ಖಾಲಿ ಮಾಡುವಾಗ ಆ ರಬ್ಬರು ತುಂಡು ಕೈಗೆ ಬಂತು. ಹುದ್ದೆ, ಮೊಹರು, ನನ್ನ ಸಹಿಗಾಗಿ ಕಾಯುವ ಜನ, ಇವೆಲ್ಲ ಹಿಂದೆ ಉಳಿದವು; ಆ ತುಂಡು ಮಾತ್ರ ನನ್ನ ಜೇಬಿನಲ್ಲಿ ಮನೆಗೆ ಬಂತು. ಅದೇ ವಾರ ಈ ಸೆಟ್ಟನ್ನು ತರಿಸಿಕೊಂಡದ್ದು ಅದರ ನೆನಪಿನಿಂದಲೇ.

ಬದಲಾವಣೆಗೆ ಒಂದು ಭಾರವಿದೆ, ಒಳ್ಳೆಯ ಬದಲಾವಣೆಗೂ ಇದೆ. 1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಒಂದೊಂದೂ ಮನುಷ್ಯನಿಂದ ಎಷ್ಟು ಹೊಂದಾಣಿಕೆಯನ್ನು ಕೇಳುತ್ತದೆ ಎಂಬುದಕ್ಕೆ ಅಂಕ ಕೊಟ್ಟರು. ಬಾಳಸಂಗಾತಿಯ ಸಾವಿಗೆ 100, ಕುಟುಂಬದ ಹತ್ತಿರದವರ ಸಾವಿಗೆ 63, ಮದುವೆಗೆ 50, ನಿವೃತ್ತಿಗೆ 45. ಮದುವೆಯಂಥ ಸಂತೋಷದ ಘಟನೆಗೆ ನಿವೃತ್ತಿಗಿಂತ ಹೆಚ್ಚು ಅಂಕ ಇರುವುದು ಮೊದಲು ನೋಡಿದಾಗ ವಿಚಿತ್ರವೆನಿಸಿತು. ಆಮೇಲೆ ಯೋಚಿಸಿದಾಗ ಸರಿಯೆನಿಸಿತು, ಏಕೆಂದರೆ ಆ ಪಟ್ಟಿ ಅಳೆಯುತ್ತಿರುವುದು ದುಃಖವನ್ನಲ್ಲ, ಹಳೆಯ ಅಭ್ಯಾಸಗಳನ್ನು ಬಿಟ್ಟು ಹೊಸದಕ್ಕೆ ಕೈ ಹೊಂದಿಸಿಕೊಳ್ಳುವ ಶ್ರಮವನ್ನು. ಆ ಶ್ರಮದ ನಡುವೆ ನಾವು ಮೊದಲು ಕೈಬಿಡುವುದು ಆಟವನ್ನು. ಹೊಸ ಜವಾಬ್ದಾರಿಗೆ, ಹೊಸ ವಯಸ್ಸಿಗೆ, ಹೊಸ ನಷ್ಟಕ್ಕೆ ತಕ್ಕ ಮುಖ ಯಾವುದು ಎಂದು ಹುಡುಕುವ ಆತುರದಲ್ಲಿ, ಮೊದಲಿನಿಂದಲೂ ನಮ್ಮದಾಗಿದ್ದ ಮುಖವನ್ನು ಅನಗತ್ಯವೆಂದು ಎತ್ತಿಡುತ್ತೇವೆ.

ಹತ್ತಿರದ ಬಂಧುವೊಬ್ಬರು ನನ್ನ ಅಭ್ಯಾಸವನ್ನು ನೋಡಿ, "ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಕಾಳಜಿಯಿತ್ತು, ಹಾಗಾಗಿ ನಾನೂ ಯೋಚಿಸಿಯೇ ಉತ್ತರಿಸಿದೆ. ಈಜಿಪ್ಟಿನ ಬೆನಿ ಹಸನ್ ಎಂಬಲ್ಲಿ ಸುಮಾರು 4000 ವರ್ಷ ಹಳೆಯ ಸಮಾಧಿಯೊಂದರ ಗೋಡೆಯ ಮೇಲೆ ಚೆಂಡುಗಳನ್ನು ಎಸೆದು ಹಿಡಿಯುತ್ತಿರುವ ಸ್ತ್ರೀಯರ ಚಿತ್ರವಿದೆ. ಅವರಲ್ಲೊಬ್ಬಳು ಕೈಗಳನ್ನು ಅಡ್ಡಹಾಕಿಕೊಂಡು ಆಡುತ್ತಿದ್ದಾಳೆ. ಅವರು ಮಕ್ಕಳಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕ್ಲಾಡ್ ಶಾನನ್ ಇದ್ದಾರೆ. 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ, ಅಂದರೆ ಸಂದೇಶಗಳನ್ನು ಅಳೆಯುವ ಮತ್ತು ಕಳಿಸುವ ಗಣಿತಕ್ಕೆ, ತಳಪಾಯ ಹಾಕಿದ ಈ ಗಣಿತಜ್ಞ ಅಮೆರಿಕದ ಬೆಲ್ ಪ್ರಯೋಗಾಲಯದ ಓಣಿಗಳಲ್ಲಿ ಒಂಟಿಚಕ್ರದ ಸೈಕಲ್ ಓಡಿಸುತ್ತಿದ್ದರು, ಚೆಂಡುಗಳನ್ನು ಎಸೆದು ಹಿಡಿಯುತ್ತಿದ್ದರು. ಮುಂದೆ ಪ್ರಾಧ್ಯಾಪಕರಾದ ಮೇಲೂ, ನಿವೃತ್ತರಾದ ಮೇಲೂ ಆ ಆಟವನ್ನು ಬಿಡಲಿಲ್ಲ, ಚೆಂಡು ಪುಟಿಸುವ ಯಂತ್ರಗಳನ್ನೂ ಕಟ್ಟಿದರು. ಜಗ್ಲಿಂಗಿಗೆ ಅವರು ಬರೆದ ಒಂದು ಸಮೀಕರಣವಿದೆ. ಚೆಂಡು ಗಾಳಿಯಲ್ಲಿರುವ ಹೊತ್ತಿಗೆ ಅದು ಕೈಯಲ್ಲಿರುವ ಹೊತ್ತನ್ನು ಕೂಡಿಸಿ ಕೈಗಳ ಸಂಖ್ಯೆಯಿಂದ ಗುಣಿಸಿದರೆ ಎಷ್ಟು ಬರುತ್ತದೆಯೋ, ಕೈ ಖಾಲಿಯಿರುವ ಹೊತ್ತಿಗೆ ಕೈ ತುಂಬಿರುವ ಹೊತ್ತನ್ನು ಕೂಡಿಸಿ ಚೆಂಡುಗಳ ಸಂಖ್ಯೆಯಿಂದ ಗುಣಿಸಿದರೂ ಅಷ್ಟೇ ಬರುತ್ತದೆ. ಲೆಕ್ಕದ ಮನುಷ್ಯನಿಗೆ ಈ ಸಮೀಕರಣ ಬಹಳ ಹಿಡಿಸುತ್ತದೆ, ಏಕೆಂದರೆ ಇಲ್ಲಿ ಖಾಲಿ ಕೈಗೂ ಒಂದು ಜಾಗವಿದೆ. ಕೈ ಒಂದಿಷ್ಟು ಹೊತ್ತು ಖಾಲಿಯಾಗದಿದ್ದರೆ ಮುಂದಿನ ಚೆಂಡನ್ನು ಹಿಡಿಯಲಾಗುವುದಿಲ್ಲ. ನಿವೃತ್ತಿಯ ಮೊದಲ ತಿಂಗಳುಗಳಲ್ಲಿ, ಬೆಳಗ್ಗೆ ಎದ್ದು ಮಾಡುವುದೇನೂ ಇಲ್ಲವೆಂದು ಕಂಗೆಡುತ್ತಿದ್ದ ದಿನಗಳಲ್ಲಿ, ಈ ವಿಚಾರ ನನಗೆ ದೊಡ್ಡ ಆಸರೆಯಾಗಿತ್ತು.

ಸೆಟ್ಟಿನೊಂದಿಗೆ ಬರುವ ಸೂಚನಾ ಹಾಳೆಯ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಅದರ ಚಿತ್ರದಲ್ಲಿ ಚೆಂಡುಗಳು ಒಂದೇ ದಿಕ್ಕಿನಲ್ಲಿ ವೃತ್ತಾಕಾರವಾಗಿ ಸುತ್ತುತ್ತವೆ. ಒಂದು ಕೈ ಮೇಲಕ್ಕೆ ಎಸೆಯುತ್ತದೆ, ಇನ್ನೊಂದು ಕೈ ಅಡ್ಡಲಾಗಿ ದಾಟಿಸುತ್ತದೆ. ಅದು ಶವರ್ ಎಂಬ ವಿಧಾನ, ಹೊಸಬರಿಗೆ ಕಠಿಣ. ಹೊಸಬರು ಕಲಿಯಬೇಕಾದದ್ದು ಕ್ಯಾಸ್ಕೇಡ್: ಎರಡೂ ಕೈಗಳು ಒಂದಾದ ಮೇಲೊಂದು, ಒಂದೇ ಎತ್ತರಕ್ಕೆ, ಎದೆಯ ಮುಂದೆ ಕತ್ತರಿಯ ಹಾಗೆ ಹಾದುಹೋಗುವಂತೆ ಎಸೆಯಬೇಕು, ಮೊದಲ ಚೆಂಡು ತುತ್ತತುದಿ ತಲುಪಿ ಇಳಿಯಲು ಶುರುಮಾಡಿದಾಗ ಎರಡನೆಯದು ಅದರ ಒಳಬದಿಯಿಂದ ಮೇಲೇರಬೇಕು. ಹಾಳೆಯನ್ನು ನಂಬಿ ನಾನು ಮೂರು ವಾರ ಕಳೆದೆ. ಕೊಂಡವರು ಅದನ್ನು ಪಕ್ಕಕ್ಕಿಟ್ಟು ಒಂದು ಚೆಂಡಿನಿಂದ ಆರಂಭಿಸುವುದು ಒಳ್ಳೆಯದು. ಒಂದು ಚೆಂಡು ಬಲಗೈಯಿಂದ ಎಡಗೈಗೆ ಹಣೆಯ ಎತ್ತರದಲ್ಲಿ ಕಮಾನಾಗಿ ಹೋಗಿ, ಅದೇ ಎತ್ತರದಲ್ಲಿ ಮರಳಿ ಬರುವವರೆಗೆ ಎರಡನೆಯದನ್ನು ಮುಟ್ಟಬಾರದು. ಎರಡು ಚೆಂಡುಗಳ ಹಂತದಲ್ಲಿ ಎಲ್ಲರಿಗೂ ಒಂದು ಪ್ರಲೋಭನೆ ಬರುತ್ತದೆ: ಎರಡನೆಯ ಚೆಂಡನ್ನು ಎಸೆಯುವ ಬದಲು ಖಾಲಿಯಾದ ಕೈಗೆ ಮೆಲ್ಲಗೆ ದಾಟಿಸಿಬಿಡುವುದು. ಕೈಯಲ್ಲಿರುವುದನ್ನು ಗಾಳಿಗೆ ಬಿಡಲು ಮನಸ್ಸು ಹಿಂಜರಿಯುವುದರಿಂದ ಹೀಗಾಗುತ್ತದೆ. ಕೆಲಸ ಬಿಟ್ಟ ವರ್ಷದಲ್ಲಿ ಆ ಹಿಂಜರಿಕೆಯ ಪರಿಚಯ ನನಗೆ ಚೆಂಡುಗಳ ಹೊರಗೂ ಸಾಕಷ್ಟಿತ್ತು. ಮುಂದಕ್ಕೆ ಮುಂದಕ್ಕೆ ನಡೆದುಹೋಗುವ ಅಭ್ಯಾಸವಿದ್ದರೆ ಗೋಡೆಗೆ ಎದುರಾಗಿ ನಿಲ್ಲಬೇಕು. ಬಗ್ಗಿ ಬಗ್ಗಿ ಸೊಂಟ ನೋಯುವವರು ಮಂಚದ ಎದುರು ನಿಲ್ಲಬೇಕು, ಬಿದ್ದ ಚೆಂಡುಗಳು ಹಾಸಿಗೆಯ ಮೇಲೆಯೇ ಸಿಗುತ್ತವೆ.

ವಯಸ್ಸಾದ ಮೇಲೆ ಇಂಥದ್ದು ಕಲಿಯಲು ಬರುವುದಿಲ್ಲ ಎಂಬ ಅನುಮಾನವಿರುವವರಿಗೆ ಒಂದು ಮಾತು. 2004ರಲ್ಲಿ ಜರ್ಮನಿಯ ಸಂಶೋಧಕರು ಜಗ್ಲಿಂಗ್ ಬಾರದವರಿಗೆ ಮೂರು ತಿಂಗಳ ಕಾಲ ಮೂರು ಚೆಂಡುಗಳ ಕ್ಯಾಸ್ಕೇಡ್ ಕಲಿಸಿ, ಮೊದಲು ಮತ್ತು ನಂತರ ಅವರ ಮೆದುಳಿನ ಎಂಆರ್‌ಐ ಚಿತ್ರ ತೆಗೆದಾಗ, ಚಲನೆಯನ್ನು ಗ್ರಹಿಸುವ ಭಾಗದಲ್ಲಿ ಬೂದುದ್ರವ್ಯ (ನರಕೋಶಗಳು ದಟ್ಟವಾಗಿರುವ ಅಂಗಾಂಶ) ಹೆಚ್ಚಿದ್ದು ಕಂಡುಬಂತು. ಅಭ್ಯಾಸ ಬಿಟ್ಟ ಮೇಲೆ ಆ ಹೆಚ್ಚಳ ಕಡಿಮೆಯಾಯಿತು. 2008ರಲ್ಲಿ ಸರಾಸರಿ 60 ವರ್ಷದವರ ಮೇಲೆ ಇದೇ ಬಗೆಯ ಅಧ್ಯಯನ ನಡೆದಾಗ, ಕಲಿತವರಲ್ಲಿ ಅಂಥದೇ ಬದಲಾವಣೆ ಕಂಡಿತು. ಚೆಂಡು ಎಸೆದರೆ ಬುದ್ಧಿ ಚುರುಕಾಗುತ್ತದೆ ಎಂದು ಇದರಿಂದ ಹೇಳಿಬಿಡಲಾಗದು, ಅಂಥ ಭರವಸೆಗಾಗಿ ಯಾರೂ ಇದನ್ನು ಕೊಳ್ಳಬಾರದು. ಹೊಸದೊಂದು ಕೌಶಲಕ್ಕೆ ಜಾಗ ಮಾಡಿಕೊಡುವ ಶಕ್ತಿ ಆ ವಯಸ್ಸಿನಲ್ಲೂ ದೇಹಕ್ಕಿದೆ ಎಂದಷ್ಟೇ ಇದರ ಅರ್ಥ, ನನಗೆ ಅಷ್ಟೇ ಸಾಕಾಗಿತ್ತು.

ನಿವೃತ್ತಿಯಾಗಿ ಏಳು ತಿಂಗಳಾದಾಗ ಅಮ್ಮ ಹಾಸಿಗೆ ಹಿಡಿದರು. ಅಲ್ಲಿಂದ ನನ್ನ ದಿನಚರಿಯೆಲ್ಲ ಔಷಧಿಯ ವೇಳೆಗಳು, ಮಗ್ಗುಲು ಬದಲಿಸುವ ವೇಳೆಗಳು, ವೈದ್ಯರ ಭೇಟಿಗಳು. ಆರೈಕೆಗೆ ನಿಂತವರು ಗಂಭೀರವಾಗಿರಬೇಕು ಎಂದು ಯಾರೂ ನನಗೆ ಹೇಳಲಿಲ್ಲ, ನಾನೇ ಹಾಗೆಂದುಕೊಂಡು ಚೆಂಡುಗಳನ್ನು ಚೀಲದೊಳಗೆ ಹಾಕಿ ಕಪಾಟಿನಲ್ಲಿಟ್ಟೆ. ಹತ್ತು ದಿನಗಳಾದ ಮೇಲೆ ಅಮ್ಮನೇ ಕೇಳಿದರು, "ನಿನ್ನ ಚೆಂಡು ಎಲ್ಲಿ? ಸದ್ದೇ ಇಲ್ಲ." ಆ ದಿನದಿಂದ ಅಭ್ಯಾಸ ಅವರ ಕೋಣೆಯಲ್ಲಿ, ಅವರ ಮಂಚದ ಕಾಲುದೆಸೆಯಲ್ಲಿ ನಿಂತು ನಡೆಯಿತು. ಬಿದ್ದ ಚೆಂಡು ಅವರ ಹೊದಿಕೆಯ ಮೇಲೆ ಬೀಳುತ್ತಿತ್ತು; ಕೈಗೆಟುಕಿದರೆ ಅವರೇ ತೆಗೆದು ನನ್ನ ಕಡೆಗೆ ಎಸೆಯುತ್ತಿದ್ದರು, ಅದು ಅರ್ಧ ದಾರಿಗೆ ಬರುತ್ತಿತ್ತು. ಕೆಲವು ವಾರಗಳ ನಂತರ ಅವರು ಒಂದು ಮಾತು ಹೇಳಿದರು: "ಎಡಗಡೆಯಿಂದ ಹೋಗೋದು ಯಾವಾಗ್ಲೂ ಗಿಡ್ಡ. ಅದಕ್ಕೇ ಬೀಳುತ್ತೆ." ಕನ್ನಡಿಯ ಮುಂದೆ ನಿಂತು ಪರೀಕ್ಷಿಸಿದೆ, ಅವರ ಮಾತು ನಿಜವಾಗಿತ್ತು. ಎಡಗೈ ಎಸೆದ ಚೆಂಡು ಒಂದು ಗೇಣು ಕೆಳಗೇ ತಿರುಗುತ್ತಿತ್ತು, ಹಾಗಾಗಿ ಬೇಗ ಇಳಿದು ಬಲಗೈಯ ಲಯವನ್ನು ಕೆಡಿಸುತ್ತಿತ್ತು. ಕೈಯಿಂದ ಅರವತ್ತು ಸೆಂಟಿಮೀಟರ್ ಮೇಲಕ್ಕೆ ಹೋದ ಚೆಂಡು ಮರಳಿ ಬರಲು ಸುಮಾರು 0.7 ಸೆಕೆಂಡು ಬೇಕು. ಎತ್ತರ ಕಡಿಮೆಯಾದಷ್ಟೂ ಆ ಹೊತ್ತು ಕಡಿಮೆ. ತಿಂಗಳುಗಟ್ಟಲೆ ನನಗೆ ಕಾಣದಿದ್ದದ್ದನ್ನು ಅವರು ಮಲಗಿದಲ್ಲಿಂದಲೇ ಕಂಡುಹಿಡಿದಿದ್ದರು. ಅವರ ಅನಾರೋಗ್ಯದ ದಿನಗಳಲ್ಲಿ ನಾವಿಬ್ಬರೂ ರೋಗಿ ಮತ್ತು ಆರೈಕೆದಾರ ಎಂಬುದನ್ನು ಮರೆತು ತಾಯಿ ಮತ್ತು ಮಗುವಾಗಿದ್ದ ಹೊತ್ತುಗಳಲ್ಲಿ ಹೆಚ್ಚಿನವು ಈ ಚೆಂಡುಗಳ ಸುತ್ತಲೇ ಇದ್ದವು.

ಹೊಲಿಗೆಯ ದೋಷ ಬಯಲಾದದ್ದು ಆಗಲೇ. ಕೊಂಡ ಹದಿನಾಲ್ಕನೆಯ ತಿಂಗಳಲ್ಲಿ ನೀಲಿ ಚೆಂಡಿನ ಎರಡು ತುಂಡುಗಳು ಕೂಡುವಲ್ಲಿ ನೂಲು ಬಿಟ್ಟುಕೊಂಡು ಧಾನ್ಯ ಹೊದಿಕೆಯ ಮೇಲೆ ಚೆಲ್ಲಿತು. ದಿನಕ್ಕೆ ಅರ್ಧ ಗಂಟೆ ಬಳಸುವ ವಸ್ತುವಿನ ಹೊಲಿಗೆ ಇದಕ್ಕಿಂತ ಹೆಚ್ಚು ಬಾಳಬೇಕು. ಎರಡು ಸಾಲು ಹೊಲಿಗೆ ಹಾಕಿದ್ದರೆ ಬಾಳುತ್ತಿತ್ತು. ತಯಾರಕರಿಗೆ ಬರೆದೆ, ಎರಡು ದಿನಗಳಲ್ಲಿ ಸೌಜನ್ಯದ ಉತ್ತರ ಬಂತು, ಖಾತರಿಯ ಅವಧಿ ಒಂದು ವರ್ಷ ಮಾತ್ರ ಎಂದು ತಿಳಿಸಿದ್ದರು. ಅಮ್ಮ ಸೂಜಿ ದಾರ ಕೇಳಿದರು. ಕೈ ನಡುಗುತ್ತಿದ್ದುದರಿಂದ ಒಂದೊಂದು ಹೊಲಿಗೆಗೂ ನಿಲ್ಲಿಸಿ, ಉಸಿರೆಳೆದುಕೊಂಡು, ಇಡೀ ಮಧ್ಯಾಹ್ನ ಕೂತು ಒಂಬತ್ತು ಹೊಲಿಗೆಗಳನ್ನು ಕೆಂಪು ದಾರದಲ್ಲಿ ಹಾಕಿದರು. ನೀಲಿ ದಾರ ಮನೆಯಲ್ಲಿ ಇರಲಿಲ್ಲ. ಆ ಹೊಲಿಗೆ ಈವರೆಗೆ ಬಿಟ್ಟಿಲ್ಲ.

ನಾಲ್ಕು ತಿಂಗಳ ನಂತರ ಅವರು ತೀರಿಕೊಂಡರು. ಎರಡು ತಿಂಗಳು ನಾನು ಚೆಂಡುಗಳನ್ನು ಮುಟ್ಟಲಿಲ್ಲ. ಮತ್ತೆ ಎತ್ತಿಕೊಂಡ ದಿನ ಹತ್ತನೆಯ ಎಸೆತಕ್ಕೇ ಬಿದ್ದವು, ನಾಲ್ಕನೆಯ ದಿನಕ್ಕೆ ಕೈ ಮೊದಲಿನಂತಾಯಿತು. ದುಃಖವನ್ನು ಮರೆಯಲು ಆಡಿದೆ ಎಂದರೆ ಸುಳ್ಳಾಗುತ್ತದೆ, ಆಡುವಾಗ ದುಃಖ ಇದ್ದೇ ಇತ್ತು. ಆದರೆ ಅಮ್ಮ ಬಲ್ಲ ನಾನು ಈ ಆಟದಲ್ಲಿದ್ದೆ. ಅದನ್ನು ಬಿಟ್ಟುಬಿಟ್ಟಿದ್ದರೆ ಅವರ ಜೊತೆಗೆ ಅದನ್ನೂ ಕಳೆದುಕೊಂಡಂತಾಗುತ್ತಿತ್ತು.

ಇನ್ನುಳಿದ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇನೆ. ಧಾನ್ಯ ತುಂಬಿರುವುದರಿಂದ ಈ ಚೆಂಡುಗಳನ್ನು ನೀರಿನಲ್ಲಿ ತೊಳೆಯುವಂತಿಲ್ಲ; ಒದ್ದೆಯಾದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ತೇವದ ಜಾಗದಲ್ಲಿ ವಾಸಿಸುವವರಿಗೆ ಪ್ಲಾಸ್ಟಿಕ್ ಹರಳು ತುಂಬಿದ ಚೆಂಡುಗಳೇ ಮೇಲು, ಆದರೆ ಅವು ಕೈಯಲ್ಲಿ ಇಷ್ಟು ಮೆತ್ತಗೆ ಕೂರುವುದಿಲ್ಲ. ಭುಜ ಅಥವಾ ಮಣಿಕಟ್ಟಿನ ನೋವಿರುವವರು ತೆಳು ಬಟ್ಟೆಯ ಚೌಕಗಳಿಂದ ಆರಂಭಿಸಬಹುದು. ಅವು ಗಾಳಿಯಲ್ಲಿ ತೇಲಿ ನಿಧಾನವಾಗಿ ಇಳಿಯುವುದರಿಂದ ಕಣ್ಣಿಗೂ ಕೈಗೂ ಬೇಕಾದಷ್ಟು ಸಮಯ ಸಿಗುತ್ತದೆ. ವಾರದೊಳಗೆ ಕಲಿತು ನಾಲ್ವರ ಮುಂದೆ ತೋರಿಸಬೇಕು ಎನ್ನುವವರಿಗೆ ಈ ಸೆಟ್ಟು ನಿರಾಸೆ ತರುತ್ತದೆ. ನನಗೆ ತಡೆಯಿಲ್ಲದೆ ಒಂದು ನಿಮಿಷ ಆಡಲು ಐದು ತಿಂಗಳು ಬೇಕಾಯಿತು. ಹೊಸ ಊರಿಗೆ ಹೋದವರು, ಮಕ್ಕಳು ದೂರ ಹೋದ ಮೇಲೆ ಮನೆ ದೊಡ್ಡದಾಗಿ ಕಾಣುತ್ತಿರುವವರು, ಮೊದಲ ಮಗು ಹುಟ್ಟಿದ ಮೇಲೆ ತಮ್ಮದೆಂಬ ಹತ್ತು ನಿಮಿಷವೂ ಉಳಿಯದವರು, ಕೆಲಸ ಬಿಟ್ಟವರು, ಕೆಲಸ ಕಳೆದುಕೊಂಡವರು, ಇವರೆಲ್ಲರಿಗೂ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಜಗ್ಲಿಂಗ್ ಹಿಡಿಸದವರಿಗೆ ಬೇರೆ ಆಟ ಇರಬಹುದು. ಚಿಕ್ಕಂದಿನಲ್ಲಿ ಯಾರೂ ಹೇಳದೆಯೇ ಏನು ಮಾಡುತ್ತಿದ್ದಿರಿ ಎಂಬುದನ್ನು ನೆನಪಿಸಿಕೊಂಡು ಅದಕ್ಕೆ ಬೇಕಾದ ವಸ್ತುವನ್ನು ಕೊಳ್ಳಿ.

ಬಿಡಿ ಚೆಂಡುಗಳನ್ನು ಈ ತಯಾರಕರು ಮಾರುವುದಿಲ್ಲ. ನಾಲ್ಕನೆಯ ಚೆಂಡಿಗಾಗಿ ನಾನು ಇನ್ನೊಂದು ಪೂರ್ತಿ ಸೆಟ್ಟನ್ನು ಕೊಳ್ಳಬೇಕಾಯಿತು, ಇದನ್ನು ಅವರು ಸರಿಪಡಿಸಬೇಕು. ನಾಲ್ಕು ಚೆಂಡುಗಳ ಆಟ ಮೂರರ ಮುಂದುವರಿಕೆಯಲ್ಲ, ಬೇರೆಯೇ ಒಂದು ಆಟ. ಸಾಮಾನ್ಯ ಕ್ರಮದಲ್ಲಿ ಚೆಂಡುಗಳ ಸಂಖ್ಯೆ ಬೆಸವಾಗಿದ್ದಾಗ ಅವು ಕೈಯಿಂದ ಕೈಗೆ ದಾಟುತ್ತವೆ. ಸಮವಾಗಿದ್ದಾಗ ದಾಟುವುದಿಲ್ಲ, ಒಂದೊಂದು ಕೈಯೂ ತನ್ನ ಎರಡು ಚೆಂಡುಗಳನ್ನು ತಾನೇ ನೋಡಿಕೊಳ್ಳಬೇಕು. ಕೆಂಪು ದಾರದ ನೀಲಿ ಚೆಂಡನ್ನು ನಾನು ಎಡಗೈಗೆ ಕೊಟ್ಟಿದ್ದೇನೆ. ಅದು ಬಂದು ಕೂತಾಗ ಹೆಬ್ಬೆರಳಿಗೆ ಒಂಬತ್ತು ಹೊಲಿಗೆಗಳು ಒರಟಾಗಿ ತಾಕುತ್ತವೆ, ಮಂದ ಬೆಳಕಿನಲ್ಲೂ ಅದು ಯಾವ ಚೆಂಡೆಂದು ತಿಳಿಯುತ್ತದೆ. ಇಂದು ಬೆಳಗ್ಗೆ ಬಲಗೈಯಿಂದ ಆರಂಭಿಸಿ ಸತತವಾಗಿ 17 ಎಸೆತಗಳು ಬಂದವು. ಹದಿನೆಂಟನೆಯದು ಎಡಗಡೆಯದು, ಗಿಡ್ಡವಾಯಿತು.